ಹೊರಗಿನ ಬೆಂಬಲದ ಊರುಗೋಲು: ಅಲ್ಪಮತದ ಸರಕಾರಗಳು ಬೀಳುವುದು ಹೇಗೆ?



1999ರ ಎಪ್ರಿಲ್ 17ರಂದು ಲೋಕಸಭೆಯಲ್ಲಿ ವಿಶ್ವಾಸಮತದ ಎಣಿಕೆ ಮುಗಿದಾಗ ವಾಜಪೇಯಿ ಸರಕಾರದ ಪರವಾಗಿ 269, ವಿರುದ್ಧವಾಗಿ 270 ಮತಗಳು ಬಿದ್ದಿದ್ದವು. ಆ ಒಂದು ಮತ ಯಾರದು ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಒಡಿಶಾದ ಮುಖ್ಯಮಂತ್ರಿಯಾದ ಬಳಿಕವೂ ಲೋಕಸಭಾ ಸದಸ್ಯತ್ವ ಬಿಡದಿದ್ದ ಗಿರಿಧರ್ ಗಮಾಂಗ್ ಅವರದೆಂದು ಕೆಲವರು ಹೇಳುತ್ತಾರೆ. ತಮ್ಮ ಪಕ್ಷವಾದ ನ್ಯಾಶನಲ್ ಕಾನ್ಫರೆನ್ಸಿನ ಆದೇಶ ಮೀರಿ ಮತ ಹಾಕಿ ಉಚ್ಚಾಟನೆಗೊಂಡ ಸೈಫುದ್ದೀನ್ ಸೋಝ್ ಅವರದೆಂದು ಇನ್ನು ಕೆಲವರು. ಆದರೆ ವಾಸ್ತವದಲ್ಲಿ, 18 ಸದಸ್ಯರಿದ್ದ ಜಯಲಲಿತಾರ ಪಕ್ಷ ಬೆಂಬಲ ಹಿಂತೆಗೆದುಕೊಂಡಾಗಲೇ ಆ ಸರಕಾರದ ಕಾಲಡಿಯ ನೆಲ ಕುಸಿದಿತ್ತು. ಸದನದಲ್ಲಿ ನಡೆದದ್ದು ಎಣಿಕೆ ಮಾತ್ರ. ಸರಕಾರಗಳ ಪತನವನ್ನು ಅರಿಯಬೇಕಾದರೆ ನಾವು ಮತ ಬಿದ್ದ ದಿನವನ್ನಲ್ಲ, ಬೆಂಬಲ ನೀಡಿದ ದಿನವನ್ನು ಪರಿಶೀಲಿಸಬೇಕು.

ನಮ್ಮ ಸಂವಿಧಾನದ 75ನೇ ವಿಧಿಯಂತೆ ಮಂತ್ರಿಮಂಡಲವು ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿದೆ. ಸದನದ ಚುನಾಯಿತ ಸ್ಥಾನಗಳು 543. ಬಹುಮತಕ್ಕೆ 272 ಬೇಕು. 1989ರಿಂದ 2009ರವರೆಗಿನ 7 ಚುನಾವಣೆಗಳಲ್ಲಿ ಯಾವ ಪಕ್ಷಕ್ಕೂ ಸ್ವಂತ ಬಲದಿಂದ ಈ ಸಂಖ್ಯೆ ದೊರೆಯಲಿಲ್ಲ. 2024ರಲ್ಲೂ ಅತಿ ದೊಡ್ಡ ಪಕ್ಷ 240ಕ್ಕೆ ನಿಂತಿತು. ಇಂತಹ ಸ್ಥಿತಿಯಲ್ಲಿ ಬೆಂಬಲ ಎರಡು ಬಗೆಯಲ್ಲಿ ಬರುತ್ತದೆ. ಒಂದು, ಮಂತ್ರಿಮಂಡಲ ಸೇರಿ ಹೊಣೆ ಹಂಚಿಕೊಳ್ಳುವ ಬೆಂಬಲ. ಇನ್ನೊಂದು, ಹೊರಗೆ ನಿಂತು ಕೈ ಎತ್ತುವ ಬೆಂಬಲ. ಎರಡನೆಯದರಲ್ಲಿ ಅಧಿಕಾರವಿದೆ, ಹೊಣೆಯಿಲ್ಲ. ಒಳ್ಳೆಯದಾದರೆ ಪಾಲು ಕೇಳಬಹುದು, ಕೆಟ್ಟದ್ದಾದರೆ ಕೈ ತೊಳೆದುಕೊಳ್ಳಬಹುದು.

ಇತಿಹಾಸ ನೋಡಿ. 1979ರ ಜುಲೈ 28ರಂದು ಚರಣ್ ಸಿಂಗ್ ಅವರು ಇಂದಿರಾ ಗಾಂಧಿಯವರ ಬೆಂಬಲ ನಂಬಿ ಪ್ರಧಾನಿಯಾದರು. ಆ ಬೆಂಬಲ ಇಲ್ಲವಾದುದರಿಂದ ಲೋಕಸಭೆಯನ್ನು ಒಂದು ದಿನವೂ ಎದುರಿಸದೆ ಆಗಸ್ಟ್ 20ರಂದು ರಾಜೀನಾಮೆ ನೀಡಿದರು. 1990ರ ನವೆಂಬರಿನಲ್ಲಿ ಚಂದ್ರಶೇಖರ್ ಅವರು ಸುಮಾರು 60 ಸದಸ್ಯರೊಂದಿಗೆ, ತಮಗಿಂತ ಮೂರು ಪಟ್ಟು ದೊಡ್ಡದಾದ ಕಾಂಗ್ರೆಸ್ಸಿನ ಆಸರೆಯಲ್ಲಿ ಗದ್ದುಗೆ ಏರಿದರು. ರಾಜೀವ್ ಗಾಂಧಿಯವರ ಮನೆಯ ಬಳಿ ಹರ್ಯಾಣದ ಇಬ್ಬರು ಪೊಲೀಸರು ಕಾವಲು ಕುಳಿತಿದ್ದರು ಎಂಬ ವಿವಾದ ಸಾಕಾಯಿತು. 1991ರ ಮಾರ್ಚ್ 6ರಂದು ಅವರು ರಾಜೀನಾಮೆ ಕೊಟ್ಟರು.

ನಮ್ಮ ಹಾಸನದ ದೇವೇಗೌಡರ ಪ್ರಕರಣವಂತೂ ಕಣ್ಣು ತೆರೆಸುವಂತಹದು. 1996ರ ಜೂನ್ 1ರಂದು ಅಧಿಕಾರಕ್ಕೆ ಬಂದ ಅವರ ಸಂಯುಕ್ತ ರಂಗದ ಸರಕಾರಕ್ಕೆ 1997ರ ಮಾರ್ಚ್ 30ರಂದು ಸೀತಾರಾಮ್ ಕೇಸರಿ ನೇತೃತ್ವದ ಕಾಂಗ್ರೆಸ್ ಬೆಂಬಲ ನಿಲ್ಲಿಸಿತು. ಎಪ್ರಿಲ್ 11ರಂದು 158 ವಿರುದ್ಧ 292 ಮತಗಳಿಂದ ಸರಕಾರ ಬಿತ್ತು. ಹತ್ತೇ ದಿನಗಳಲ್ಲಿ ಅದೇ ಕಾಂಗ್ರೆಸ್ ಅದೇ ರಂಗದ ಐ.ಕೆ. ಗುಜ್ರಾಲ್ ಅವರಿಗೆ ಬೆಂಬಲ ನೀಡಿತು! ಅದೇ ಪಕ್ಷಗಳು, ಅದೇ ಕಾರ್ಯಕ್ರಮ. ಬದಲಾದದ್ದು ಪ್ರಧಾನಿ ಮಾತ್ರ. ಹಾಗಾದರೆ ನೀತಿಯ ವಿರೋಧವೆಲ್ಲಿತ್ತು? ಅದೇ ವರ್ಷ ನವೆಂಬರಿನಲ್ಲಿ ಜೈನ್ ಆಯೋಗದ ವರದಿಯನ್ನು ಮುಂದಿಟ್ಟು, ಡಿಎಂಕೆ ಮಂತ್ರಿಗಳನ್ನು ಕೈಬಿಡಲಿಲ್ಲವೆಂದು ಗುಜ್ರಾಲರಿಗೂ ಬೆಂಬಲ ನಿಂತಿತು. ಹೊರಗಿನ ಬೆಂಬಲದಲ್ಲಿ ಹೇಳುವ ಕಾರಣ ಒಂದು, ಲೆಕ್ಕಾಚಾರ ಇನ್ನೊಂದು.

ಇಂತಹ ಪತನಗಳ ಬೆಲೆಯನ್ನು ತೆರುವವರು ಯಾರು? ವಿ.ಪಿ. ಸಿಂಗ್ ಸರಕಾರ ಒಂದು ಕೈಯಲ್ಲಿ ಬಿಜೆಪಿಯನ್ನೂ ಇನ್ನೊಂದು ಕೈಯಲ್ಲಿ ಎಡಪಕ್ಷಗಳನ್ನೂ ಹಿಡಿದು ನಿಂತಿತ್ತು. 1990ರ ಅಕ್ಟೋಬರ್ 23ರಂದು ಸಮಸ್ತಿಪುರದಲ್ಲಿ ಅಡ್ವಾಣಿಯವರ ರಥಯಾತ್ರೆ ತಡೆಯಲ್ಪಟ್ಟಿತು, ಬಿಜೆಪಿ ಬೆಂಬಲ ಹಿಂದಕ್ಕೆ ಪಡೆಯಿತು. ದಿಲ್ಲಿಯಲ್ಲಿ ಕೈಗಳ ಎಣಿಕೆ ನಡೆಯುತ್ತಿದ್ದ ಆ ದಿನಗಳಲ್ಲಿ ನಮ್ಮ ರಾಮನಗರ, ಚನ್ನಪಟ್ಟಣ, ದಾವಣಗೆರೆಗಳು ಕೋಮು ಗಲಭೆಯಲ್ಲಿ ಬೆಂದವು. 1991ರಲ್ಲಿ ಪೂರ್ಣ ಬಜೆಟ್ ಮಂಡಿಸಲಾಗದ ಉಸ್ತುವಾರಿ ಸರಕಾರದ ಕಾಲದಲ್ಲೇ, ಮೇ ತಿಂಗಳಿನಲ್ಲಿ, ದೇಶದ 20 ಟನ್ ಚಿನ್ನ ವಿದೇಶಕ್ಕೆ ಹೋಯಿತು. 1999ರಲ್ಲಿ ಕಾರ್ಗಿಲ್ ಯುದ್ಧ ನಡೆದಾಗ ದೇಶದಲ್ಲಿದ್ದುದು ವಿಶ್ವಾಸಮತ ಕಳೆದುಕೊಂಡಿದ್ದ ಸರಕಾರ.

ಉಳಿದುಕೊಂಡ ಸರಕಾರಗಳ ಕಥೆಯೂ ಹೆಮ್ಮೆಯದ್ದಲ್ಲ. 1993ರ ಜುಲೈ 28ರಂದು ನರಸಿಂಹ ರಾವ್ ಸರಕಾರ 251ರ ವಿರುದ್ಧ 265 ಮತಗಳಿಂದ ಅವಿಶ್ವಾಸ ಗೊತ್ತುವಳಿಯನ್ನು ಗೆದ್ದಿತು. ಆ ಮತಗಳಿಗೆ ಹಣ ಸಂದಾಯವಾಗಿದೆಯೆಂಬ ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. ಲಂಚ ಪಡೆದು ಸದನದಲ್ಲಿ ಮತ ಹಾಕಿದ ಸದಸ್ಯನಿಗೆ ರಕ್ಷಣೆಯಿದೆಯೆಂದು 1998ರಲ್ಲಿ ಬಂದ ತೀರ್ಪನ್ನು ಏಳು ನ್ಯಾಯಾಧೀಶರ ಪೀಠ ತಳ್ಳಿಹಾಕಿದ್ದು 2024ರ ಮಾರ್ಚ್‌ನಲ್ಲಿ. ತಪ್ಪನ್ನು ತಪ್ಪೆನ್ನಲು ನಮಗೆ 26 ವರ್ಷಗಳು ಬೇಕಾದವು. ಆದರೂ ಒಂದು ಒಳಿತನ್ನು ನೆನೆಯಬೇಕು. 1989ರಲ್ಲಿ ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರಕಾರವನ್ನು ಬಹುಮತ ಸಾಬೀತಿಗೆ ಅವಕಾಶ ನೀಡದೆ ವಜಾಗೊಳಿಸಲಾಯಿತು. ಆ ಪ್ರಕರಣದಲ್ಲೇ 1994ರಲ್ಲಿ ಸುಪ್ರೀಂ ಕೋರ್ಟು, ಬಹುಮತದ ಪರೀಕ್ಷೆ ನಡೆಯಬೇಕಾದುದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು ಸ್ಪಷ್ಟಪಡಿಸಿತು.

ಹಾಗಾದರೆ ಅಲ್ಪಮತದ ಸರಕಾರವೇ ಕೆಟ್ಟದ್ದೇ? ಖಂಡಿತ ಅಲ್ಲ. ಡೆನ್ಮಾರ್ಕ್‌ನಲ್ಲಿ ಅಲ್ಪಮತದ ಸರಕಾರಗಳು ಸಾಮಾನ್ಯ. ನಾರ್ವೆಯಲ್ಲಿ ಅವಧಿಗೆ ಮುನ್ನ ಸಂಸತ್ತನ್ನು ವಿಸರ್ಜಿಸುವಂತಿಲ್ಲ. ಆದ್ದರಿಂದ ಇರುವ ಸದಸ್ಯರೇ ದಾರಿ ಹುಡುಕಬೇಕು. ಜರ್ಮನಿಯಲ್ಲಿ ಸಂಸತ್ತು ಮುಂದಿನ ನಾಯಕನನ್ನು ಆರಿಸದೆ ಈಗಿನವನನ್ನು ಇಳಿಸುವಂತಿಲ್ಲ. 1982ರಲ್ಲಿ ಹೆಲ್ಮುಟ್ ಶ್ಮಿಟ್ ಇಳಿದ ಕ್ಷಣವೇ ಹೆಲ್ಮುಟ್ ಕೋಲ್ ಆಯ್ಕೆಯಾಗಿದ್ದರು. ಅಂತಹ ನಿಯಮ ನಮ್ಮಲ್ಲಿದ್ದಿದ್ದರೆ, 1999ರಲ್ಲಿ ಸರಕಾರ ಕೆಡವಿದವರು ಬದಲಿ ಸರಕಾರ ಕೊಡಲಾಗದೆ ದೇಶವನ್ನು ಚುನಾವಣೆಗೆ ದೂಡುವಂತಿರಲಿಲ್ಲ.

ನಮ್ಮಲ್ಲೇ ಇನ್ನೊಂದು ಉದಾಹರಣೆಯಿದೆ. 2004ರ ಯುಪಿಎ ಸರಕಾರವೂ ಎಡಪಕ್ಷಗಳ ಹೊರಗಿನ ಬೆಂಬಲದಲ್ಲೇ ನಿಂತಿತ್ತು. ಆದರೆ ಅಲ್ಲಿ ಸಾಮಾನ್ಯ ಕನಿಷ್ಠ ಕಾರ್ಯಕ್ರಮವೆಂಬ ಲಿಖಿತ ದಾಖಲೆಯಿತ್ತು, ಭಿನ್ನಾಭಿಪ್ರಾಯ ಚರ್ಚಿಸಲು ಸಮನ್ವಯ ಸಮಿತಿಯಿತ್ತು. ಮಾಹಿತಿ ಹಕ್ಕು ಕಾಯಿದೆ, ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಗಳು ಬಂದದ್ದೂ, ಮುಸ್ಲಿಮರ ಸ್ಥಿತಿಗತಿಯನ್ನು ಅರಿಯಲು ಸಾಚಾರ್ ಸಮಿತಿ ನೇಮಕವಾದದ್ದೂ ಆ ಕಾಲದಲ್ಲೇ, 2005ರಲ್ಲಿ. ಅಣು ಒಪ್ಪಂದದ ವಿಷಯದಲ್ಲಿ 2008ರ ಜುಲೈಯಲ್ಲಿ ಎಡಪಕ್ಷಗಳು ಹೊರನಡೆದಾಗ ಕಾರಣವೇನೆಂದು ದೇಶಕ್ಕೆ ತಿಳಿದಿತ್ತು. ಸಮಾಜವಾದಿ ಪಕ್ಷದ ನೆರವಿನಿಂದ ಸರಕಾರ 256ರ ವಿರುದ್ಧ 275 ಮತ ಪಡೆದು ಉಳಿಯಿತು. ಅಂದು ಸದನದಲ್ಲಿ ನೋಟಿನ ಕಂತೆಗಳು ಪ್ರದರ್ಶನಗೊಂಡವು ಎಂಬುದು ಬೇರೆಯೇ ನೋವು.

ಸಹೋದರರೇ, ಸಹೋದರಿಯರೇ, ನಾವು ಮತ ಹಾಕಿ ಮನೆಗೆ ಮರಳುತ್ತೇವೆ. ನಮ್ಮ ಪ್ರತಿನಿಧಿ ಆ ಮತವನ್ನು ಎಲ್ಲಿ, ಯಾರಿಗೆ, ಯಾವ ಷರತ್ತಿಗೆ ಒಪ್ಪಿಸಿದನೆಂದು ಕೇಳುವುದಿಲ್ಲ. ಮತವು ನಾವು ಅವನ ಕೈಯಲ್ಲಿಟ್ಟ ಅಮಾನತ್. ಅದರ ಲೆಕ್ಕ ಕೇಳುವುದು ನಮ್ಮ ಹಕ್ಕು ಮಾತ್ರವಲ್ಲ, ಕರ್ತವ್ಯ ಕೂಡ. ಮುಂದಿನ ಬಾರಿ ಅಭ್ಯರ್ಥಿ ನಮ್ಮ ಮೊಹಲ್ಲಾಕ್ಕೆ ಬಂದಾಗ ರಸ್ತೆ, ಚರಂಡಿಗಳ ಜೊತೆಗೆ ಮೂರು ಪ್ರಶ್ನೆಗಳನ್ನೂ ಕೇಳೋಣ: ಅತಂತ್ರ ಸದನ ಬಂದರೆ ನಿಮ್ಮ ಪಕ್ಷ ಯಾರನ್ನು ಬೆಂಬಲಿಸುತ್ತದೆ? ಯಾವ ಲಿಖಿತ ಕಾರ್ಯಕ್ರಮದ ಮೇಲೆ? ಯಾವ ಕಾರಣಕ್ಕೆ ಮಾತ್ರ ಅದನ್ನು ಹಿಂತೆಗೆದುಕೊಳ್ಳುತ್ತದೆ? ಉತ್ತರಿಸಲು ಹಿಂಜರಿಯುವವರು ನಮ್ಮ ಹೆಸರಿನಲ್ಲಿ ಸರಕಾರ ಕಟ್ಟಲೂ ಅರ್ಹರಲ್ಲ, ಕೆಡವಲೂ ಅರ್ಹರಲ್ಲ.