ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ

ಜತ್ತ ತಾಲೂಕಿನ ಉಮದಿ, ಸಂಖ, ಗುಡ್ಡಾಪುರದ ಕಡೆ ಎದೆನೋವು ಬಂದವರನ್ನು ಮಿರಜಿಗೋ ವಿಜಯಪುರಕ್ಕೋ ಒಯ್ಯುತ್ತಾರೆ. ಸ್ಟೆಂಟ್ ಹಾಕಿಸಿಕೊಂಡು ಯಜಮಾನರು ಮನೆಗೆ ಬಂದರೆ ಬೀಗರು, ಬಂಧುಗಳು ಎಳನೀರು, ಹಣ್ಣು ಹಿಡಿದು ನೋಡಲು ಬರುತ್ತಾರೆ. ವಾರ ಕಳೆದರೆ ಪಡಸಾಲೆ ಖಾಲಿ. ಆಮೇಲಿನದನ್ನು ಯಾರೂ ವಿಚಾರಿಸುವುದಿಲ್ಲ. ನಡುರಾತ್ರಿ ಎದ್ದು ಕೂತು ನಾಡಿ ಮುಟ್ಟಿಕೊಳ್ಳುವುದು, ದಾಳಿಂಬೆ ತೋಟದ ಕಡೆ ಹಾಯದಿರುವುದು, ರೊಟ್ಟಿ ಮುರಿದು ಹಾಗೇ ಬಿಡುವುದು. "ಅಪ್ಪಾ, ನೀ ಏಳಬ್ಯಾಡ, ಸುಮ್ಮ ಕುಂಡ್ರು" ಎನ್ನುವ ಮಕ್ಕಳ ಪ್ರೀತಿಯೂ ಅವರನ್ನು ಇನ್ನಷ್ಟು ಕುಗ್ಗಿಸುತ್ತದೆ.

ಹೃದಯಾಘಾತವಾದ ಐವರಲ್ಲಿ ಸುಮಾರು ಒಬ್ಬರನ್ನು ಖಿನ್ನತೆ ಕಾಡುತ್ತದೆ. ಮನಸ್ಸು ಕುಸಿದವರು ಮಾತ್ರೆ ತಪ್ಪಿಸುತ್ತಾರೆ, ನಡಿಗೆ ಬಿಡುತ್ತಾರೆ, ಬಿಟ್ಟ ಬೀಡಿ ಮತ್ತೆ ಹಚ್ಚುತ್ತಾರೆ. ಇಂಥವರ ಚೇತರಿಕೆಗೆ ಖಿನ್ನತೆಯೇ ಒಂದು ಅಪಾಯವೆಂದು ಪರಿಗಣಿಸಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲೇ ಹೇಳಿತು. ನಮ್ಮಲ್ಲಿ ಮಾತ್ರ "ಧೈರ್ಯ ತಗೊಳ್ರಿ" ಎಂಬುದೇ ಇಡೀ ಚಿಕಿತ್ಸೆ. ಧೈರ್ಯವೇನು ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆಯೇ?

ಆತಂಕಕ್ಕೂ ಎದೆ ಡವಗುಟ್ಟುತ್ತದೆ, ಮೈ ಬೆವರುತ್ತದೆ. ಅದು ಹೃದಯದ್ದೋ ಮನಸ್ಸಿನದೋ ಎಂದು ಮನೆಯವರೇ ತೀರ್ಮಾನಿಸಬಾರದು, ವೈದ್ಯರು ನೋಡಲಿ. ಎರಡು ವಾರಕ್ಕೂ ಮೀರಿ ನಿದ್ದೆಯಿಲ್ಲ, ಯಾವುದರಲ್ಲೂ ಆಸೆಯಿಲ್ಲ ಎಂದಾದರೆ ಮುಂದಿನ ತಪಾಸಣೆಯಲ್ಲಿ ಇಸಿಜಿ ಜೊತೆಗೆ ಅದನ್ನೂ ಬಾಯಿಬಿಟ್ಟು ಹೇಳಿ. ಆಪ್ತಸಲಹೆ ಇದೆ, ಹೃದ್ರೋಗಿಗಳಿಗೆ ಹೊಂದುವ ಔಷಧಗಳೂ ಇವೆ. ದೂರದ ದಾರಿ ಎನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡು ಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು.