ಹೊಗೆಯ ಲೆಕ್ಕ



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದೊಡನೆ ನೆನಪಾಗುವುದು ಫರಸಿ ಕಲ್ಲಿನ ಗಣಿ, ಸಿಮೆಂಟಿನ ಕಾರ್ಖಾನೆ, ತೊಗರಿಯ ಹೊಲ. ಮೈಮುರಿದು ದುಡಿಯುವವರ ಸೀಮೆಯಿದು. ದುಡಿಯುವವನ ಬಂಡವಾಳ ಅವನ ದೇಹ. ಬೀಡಿ ಸುಡುವುದು ಆ ಬಂಡವಾಳವನ್ನೇ.

ಬೀಡಿಗೆ ದಿನಕ್ಕೆ 20 ರೂಪಾಯಿ ವೆಚ್ಚವೆಂದಿಟ್ಟುಕೊಳ್ಳೋಣ. ವರ್ಷಕ್ಕೆ 7,300 ರೂಪಾಯಿಯಾಯಿತು. ಇದು ಸೇದುವವನ ಲೆಕ್ಕ. ಸಮಾಜದ ಲೆಕ್ಕ ಬೇರೆ.

ಶಹಾಬಾದಿನ ಗಣಿ ಕೆಲಸಗಾರನೊಬ್ಬನ ಮಗ ನನ್ನ ವಿದ್ಯಾರ್ಥಿಯಾಗಿದ್ದ. ಹಳಗನ್ನಡ ಪದ್ಯಗಳನ್ನು ಬಾಯಿತುಂಬ ಓದುತ್ತಿದ್ದ ಹುಡುಗ, ಬಿ.ಎ. ಎರಡನೆಯ ವರ್ಷದಲ್ಲಿ ತರಗತಿಗೆ ಬರುವುದನ್ನು ನಿಲ್ಲಿಸಿದ. ವಿಚಾರಿಸಲೆಂದು ಮನೆಗೆ ಹೋದೆ. ತಂದೆ ಗೋಡೆಗೊರಗಿ ಏದುಸಿರು ಬಿಡುತ್ತಿದ್ದ. ಮೂವತ್ತು ವರ್ಷದ ಕಲ್ಲುಧೂಳು; ಅದರ ಮೇಲೆ ಮೂವತ್ತು ವರ್ಷದ ಬೀಡಿ. “ಅಪ್ಪನ ಕೆಲಸ ಈಗ ನಂದೇ ರೀ, ಸರ್” ಎಂದ ಹುಡುಗ. ಆಸ್ಪತ್ರೆಯ ಚೀಟಿಗಳಲ್ಲಿ ಔಷಧದ ಬೆಲೆಯಿತ್ತು. ಅವನು ಕಳೆದುಕೊಂಡ ಪದವಿಯ ಬೆಲೆ ಯಾವ ಚೀಟಿಯಲ್ಲಿಯೂ ಇರಲಿಲ್ಲ.

ಇಂತಹ ಕಾಣದ ನಷ್ಟಗಳಿಗೂ ಅರ್ಥಶಾಸ್ತ್ರಜ್ಞರು ಬೆಲೆ ಕಟ್ಟಲು ಯತ್ನಿಸಿದ್ದಾರೆ. 2017-18ರಲ್ಲಿ, 35 ವರ್ಷ ಮತ್ತು ಮೇಲ್ಪಟ್ಟವರಲ್ಲಿ ತಂಬಾಕು ತಂದ ರೋಗ ಹಾಗೂ ಸಾವುಗಳಿಂದ ಭಾರತಕ್ಕಾದ ನಷ್ಟ ಸುಮಾರು 1,77,341 ಕೋಟಿ ರೂಪಾಯಿ. ದೇಶದ ಒಟ್ಟು ಉತ್ಪನ್ನದಲ್ಲಿ ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಹೊಗೆಯದು. ಚಿಕಿತ್ಸೆಯೇ ಮೊದಲಾದ ನೇರ ವೆಚ್ಚ ನೂರಕ್ಕೆ 22 ಮಾತ್ರ. ಉಳಿದ 78 ನಿಂತುಹೋದ ದುಡಿಮೆ ಮತ್ತು ಅಕಾಲ ಮರಣಗಳ ನಷ್ಟ. ಬಡವರ ಬೀಡಿಯೊಂದೇ 2017ರಲ್ಲಿ 80,000 ಕೋಟಿಗೂ ಮಿಕ್ಕಿ ನಷ್ಟ ತಂದಿತೆಂದು ಇನ್ನೊಂದು ಅಂದಾಜು ಹೇಳುತ್ತದೆ.

ತಂಬಾಕಿನಿಂದ ಬೊಕ್ಕಸಕ್ಕೆ ಲಾಭವಲ್ಲವೇ ಎಂದು ಕೇಳುವವರುಂಟು. 2017-18ರ ಅದೇ ಲೆಕ್ಕದಂತೆ, ತಂಬಾಕಿನ ಅಬಕಾರಿ ಸುಂಕವಾಗಿ ಬಂದ ಪ್ರತಿ 100 ರೂಪಾಯಿಗೆ ಸಮಾಜ ತೆತ್ತದ್ದು 816 ರೂಪಾಯಿ. ಇಂತಹ ವ್ಯಾಪಾರವನ್ನು ನಮ್ಮ ಯಾವ ತೊಗರಿ ವರ್ತಕನೂ ಒಪ್ಪಲಾರ.

ಇದು ಹಿರಿಯರಿಂದ ಬಂದ ಚಟ, ಬಿಡಲಾಗದು ಎನ್ನುವವರಿಗೆ ಒಂದು ಮಾತು. ಕಾಗಿಣಾ ದಂಡೆಯ ಮಳಖೇಡದಲ್ಲಿ ನೃಪತುಂಗ ಆಳುತ್ತಿದ್ದ ಒಂಬತ್ತನೆಯ ಶತಮಾನದಲ್ಲಿ ಈ ನಾಡಿಗೆ ತಂಬಾಕೇ ಬಂದಿರಲಿಲ್ಲ. ಅದನ್ನು ಬಹುಕಾಲದ ಮೇಲೆ ಪೋರ್ಚುಗೀಸರು ತಂದರು. ಹೊರಗಿನಿಂದ ಬಂದದ್ದನ್ನು ಹೊರಗಟ್ಟಲೂ ಬಹುದು.

ಅಂಗಡಿಯಲ್ಲಿ ಕೊಡುವ ಹಣ ಮೊದಲ ಕಂತು ಮಾತ್ರ. ಉಳಿದ ಕಂತುಗಳನ್ನು ಹೆಂಡತಿ ಮಕ್ಕಳು ಕಟ್ಟುತ್ತಾರೆ. ಸೇದುವ ಬಂಧುಗಳು ಇಂದು ರಾತ್ರಿ ಅವರನ್ನು ಎದುರಿಗೆ ಕೂರಿಸಿಕೊಂಡು ಲೆಕ್ಕ ಹಾಕಬೇಕೆಂದು ನನ್ನ ವಿನಂತಿ.