ಸ್ನೇಹವಿಲ್ಲದ ಯಂತ್ರ



ಆಯುಧಪೂಜೆಯ ಮರುದಿನ ವಾಹನದ ವಿಷಯವಾಗಿ ನಾಲ್ಕು ಮಾತು ಆಡುವುದು ಉಚಿತವೆಂದು ನಾವು ಭಾವಿಸಿದ್ದೇವೆ. ನಿನ್ನೆ ನಿಮ್ಮಲ್ಲಿ ಅನೇಕರು ಮೋಟಾರ್ ಸೈಕಲ್ಲುಗಳನ್ನು ತೊಳೆದು, ಚೆಂಡುಹೂವಿನ ಹಾರ ಹಾಕಿ, ಚಕ್ರದ ಅಡಿಗೆ ನಿಂಬೆಹಣ್ಣು ಇಟ್ಟು ಹಾಯಿಸಿದಿರಿ. ಸಂತೋಷ. ಆದರೆ ಅದೇ ಗಾಡಿಯ ಬ್ರೇಕಿನ ಶೂ ಸವೆದು ಎಷ್ಟು ಉಳಿದಿದೆ, ಚೈನು ಎಷ್ಟು ಜೋತುಬಿದ್ದಿದೆ ಎಂದು ಬಗ್ಗಿ ನೋಡಿದವರು ಎಷ್ಟು ಮಂದಿ? ಲಾರಿ ಎದುರಿಗೆ ಬಂದಾಗ ಗಾಡಿಯನ್ನು ನಿಲ್ಲಿಸಬೇಕಾದುದು ಬ್ರೇಕೇ ಹೊರತು ನಿಂಬೆಹಣ್ಣಲ್ಲ.

ಈಚೆಗೆ ಕೆಲವು ತಂದೆತಾಯಿಗಳು ಮಠಕ್ಕೆ ಬಂದು ಹೇಳಿಕೊಳ್ಳುವುದುಂಟು: “ಬುದ್ಧೀ, ಗುಜರಿಗೆ ಹಾಕಬೇಕಾದ ಗಾಡಿಯನ್ನು ನಮ್ಮ ಹುಡುಗ ದುಡ್ಡು ಕೊಟ್ಟು ತಂದಿದ್ದಾನೆ. ಹಿತ್ತಿಲ ತುಂಬ ಬಿಚ್ಚಿ ಹರವಿಕೊಂಡಿದ್ದಾನೆ. ಕೈಯೆಲ್ಲ ಮಸಿ. ಊಟಕ್ಕೆ ಕರೆದರೂ ಕೇಳಿಸುವುದಿಲ್ಲ. ತಾವು ಬುದ್ಧಿ ಹೇಳಬೇಕು.” ಬುದ್ಧಿ ಹೇಳುವುದಕ್ಕೆ ಮುಂಚೆ ಆ ಹುಡುಗ ಮಾಡುತ್ತಿರುವುದೇನು ಎಂಬುದನ್ನು ತಿಳಿಯಬೇಡವೆ? ಅದಕ್ಕಾಗಿ ಅಂಥ ಹುಡುಗರನ್ನೇ ಕರೆಸಿ ಕೂರಿಸಿಕೊಂಡು ಕೇಳಿದೆವು. ನಮಗೆ ಅವರು ಕಲಿಸಿದ್ದು ಬಹಳ.

ಅವರ ಮೆಚ್ಚಿನ ಗಾಡಿ ಜಾವಾ ಮತ್ತು ಯೆಜ್ಡಿ. ಜಾವಾ ಎಂಬ ಹೆಸರು ಹುಟ್ಟಿದ್ದು ೧೯೨೯ರಲ್ಲಿ, ಪ್ರಾಗ್ ನಗರದಲ್ಲಿ. ಯಾನೆಚೆಕ್ ಎಂಬ ತಯಾರಕರ ಹೆಸರಿನ ಮೊದಲ ಅಕ್ಷರಗಳೂ ವಾಂಡರರ್ ಎಂಬ ಕಂಪನಿಯ ಮೊದಲ ಅಕ್ಷರಗಳೂ ಕೂಡಿ ಆ ಹೆಸರಾಯಿತು. ನಮ್ಮ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ೧೯೬೧ರಲ್ಲಿ ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು ಉದ್ಘಾಟಿಸಿದರು. ಎಪ್ಪತ್ತರ ದಶಕದಲ್ಲಿ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಅಲ್ಲಿ ದುಡಿದು ಸಂಸಾರ ಸಾಗಿಸಿದವರ ಕಷ್ಟ ಒಂದು ಪ್ರತ್ಯೇಕ ಪುರಾಣ. ಇಂದು ಅದನ್ನು ಎತ್ತುವುದಿಲ್ಲ. ೨೦೧೮ರಲ್ಲಿ ಬೇರೊಂದು ಕಂಪನಿ ಜಾವಾ ಹೆಸರಿನ ಹೊಸ ಗಾಡಿಗಳನ್ನು ಹೊರತಂದಿತು, ೨೦೨೨ರಲ್ಲಿ ಯೆಜ್ಡಿಯನ್ನೂ ತಂದಿತು. ಆದರೆ ಹಳೆಯದನ್ನು ಹಿಡಿದವರು ಹಳೆಯದನ್ನು ಬಿಟ್ಟಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರು ಮೈಸೂರುಗಳಲ್ಲಿ ಇವರೆಲ್ಲ ಗಾಡಿಗಳೊಡನೆ ಒಂದೆಡೆ ಸೇರುತ್ತಾರಂತೆ. ಒಂದು ಬಗೆಯ ಜಾತ್ರೆಯೇ ಸರಿ!

ಈ ಗಾಡಿಯಲ್ಲಿ ಕಿಕ್ ಹೊಡೆಯುವ ಕೋಲೇ ಮುಂದಕ್ಕೆ ತಿರುಗಿ ಗೇರು ಬದಲಿಸುವ ಕೋಲಾಗುತ್ತದೆ. ಇದನ್ನು ಕಂಡು ನಾವು ನಕ್ಕೆವು. ಅದಕ್ಕಿಂತ ನಮ್ಮ ಮನಸ್ಸಿಗೆ ಹಿಡಿದದ್ದು ಎಣ್ಣೆಯ ವಿಚಾರ. ಇದು ಎರಡು ಸ್ಟ್ರೋಕಿನ ಇಂಜಿನ್ನು. ಗೇರಿನ ಪೆಟ್ಟಿಗೆಗೆ ಬೇರೆ ಎಣ್ಣೆ ಉಂಟು, ಪಿಸ್ಟನ್ನಿಗೆ ಪ್ರತ್ಯೇಕ ಎಣ್ಣೆಯಿಲ್ಲ. ಲೀಟರು ಪೆಟ್ರೋಲಿಗೆ ಸುಮಾರು ೩೦-೪೦ ಮಿಲಿಲೀಟರಿನಷ್ಟು ಎಣ್ಣೆ ಬೆರೆಸಿ ಹಾಕಬೇಕು. ಉರಿಯುವ ವಸ್ತುವಿನ ಜೊತೆಯಲ್ಲಿಯೇ ಕಾಯುವ ವಸ್ತುವೂ ಹೋಗಬೇಕು. ಸಂಸ್ಕೃತದಲ್ಲಿ ಎಣ್ಣೆಗೂ ಜಿಡ್ಡಿಗೂ ಸ್ನೇಹ ಎನ್ನುತ್ತಾರೆ. ಪ್ರೀತಿಗೂ ಅದೇ ಶಬ್ದ. ಸ್ನೇಹವಿಲ್ಲದೆ ಬರಿಯ ಪೆಟ್ರೋಲು ಸುರಿದು ಓಡಿಸಿದರೆ ಪಿಸ್ಟನ್ನು ಕಾದು, ಉಬ್ಬಿ, ಸಿಲಿಂಡರಿಗೆ ಕಚ್ಚಿಕೊಂಡು ನಡುರಸ್ತೆಯಲ್ಲಿ ನಿಂತುಬಿಡುತ್ತದೆ. ಮಾತು ನಿಂತುಹೋದ ಅಣ್ಣತಮ್ಮಂದಿರ ಮನೆಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಅಲ್ಲಿ ಆದದ್ದೂ ಬೇರೆಯೇನಲ್ಲ.

ಪಾಠಶಾಲೆಯಲ್ಲಿ ನಾವು ತರ್ಕ ಓದಿದವರು. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆಯೆಂದು ಊಹಿಸುವ ಉದಾಹರಣೆಯನ್ನು ವರ್ಷಗಟ್ಟಲೆ ಉರು ಹೊಡೆದೆವು. ಆದರೆ ನಮ್ಮಲ್ಲಿ ಒಬ್ಬನಾದರೂ ಬೆಟ್ಟ ಹತ್ತಿ ನೋಡಲಿಲ್ಲ. ಈ ಹುಡುಗರು ದಿನವೂ ನೋಡುತ್ತಾರೆ. ಸೈಲೆನ್ಸರಿನಿಂದ ದಟ್ಟ ಹೊಗೆ ಬಂದರೆ ಕಾರಣ ಎರಡಿರಬಹುದು: ಪೆಟ್ರೋಲಿಗೆ ಬೆರೆಸಿದ ಎಣ್ಣೆ ಅತಿಯಾಗಿರಬೇಕು, ಇಲ್ಲವೆ ಸೀಲು ಹಾಳಾಗಿ ಗೇರಿನ ಎಣ್ಣೆ ಇಂಜಿನ್ನಿಗೆ ನುಸುಳುತ್ತಿರಬೇಕು. ಹೇತು ಒಂದೇ, ಸಾಧ್ಯ ಎರಡು. ಗೇರಿನ ಎಣ್ಣೆ ಇಳಿದಿದೆಯೆ ಎಂದು ನೋಡಿದರೆ ಸಂಶಯ ನಿವಾರಣೆ! ಹೊಸ ಪ್ಲಗ್ ಹಾಕಿದಾಗ ಓಡಿತು, ಹಳೆಯದನ್ನೇ ಹಾಕಿದಾಗ ನಿಂತಿತು ಎಂದರೆ ಅದೇ ಅನ್ವಯ ವ್ಯತಿರೇಕ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲವೆಂದು ತಾರ್ಕಿಕರು ಹೇಳುತ್ತಾರಲ್ಲ, ಅದೂ ಇಲ್ಲಿದೆ. ಎಣ್ಣೆ ಬೆರೆಸದ ಗಾಡಿ ಹೊಗೆಯನ್ನೇ ಬಿಡುವುದಿಲ್ಲ. ನೋಡುವವನು ‘ಆಹಾ, ಎಷ್ಟು ಶುಭ್ರ’ ಎಂದುಕೊಳ್ಳುತ್ತಾನೆ. ಒಳಗೆ ಪಿಸ್ಟನ್ನು ಬೇಯುತ್ತಿರುತ್ತದೆ.

ಆದ್ದರಿಂದ ತಾಯಂದಿರೆ, ಕೈ ಮಸಿಯಾಯಿತೆಂದು ಬೇಸರ ಬೇಡ. ಹಿತ್ತಿಲಲ್ಲಿ ಕೂತವನು ಇಸ್ಪೀಟಿನ ಮುಂದೆ ಕೂತಿಲ್ಲ. ಆದರೆ ಹವ್ಯಾಸವು ವ್ಯಸನವಾಗುವ ಗಡಿಯೊಂದಿದೆ. ಹಳೆಯ ಹೆಡ್‌ಲೈಟಿನ ಒಂದು ಅಸಲಿ ಬಳೆಗಾಗಿ ತಂಗಿಯ ಕಾಲೇಜು ಶುಲ್ಕದ ಹಣ ಕೈಬಿಟ್ಟ ಸಂಗತಿ ನಮ್ಮ ಕಿವಿಗೆ ಬಿದ್ದಿದೆ. ಅದು ಸ್ನೇಹವಲ್ಲ, ಮೋಹ. ಸಿಲಿಂಡರು ಬೋರಿಂಗಿಗೆ, ಬಣ್ಣಕ್ಕೆ, ಟೈರಿಗೆ ಎಷ್ಟಾಯಿತೆಂದು ಲೆಕ್ಕ ಬರೆಯಲಿ. ಆ ಪುಸ್ತಕ ಮನೆಯವರ ಕಣ್ಣಿಗೆ ಬೀಳುವಲ್ಲಿ ಇರಲಿ.

ಇನ್ನು ಓಡಿಸುವ ಮಾತು. ಇದನ್ನು ಹೇಳುವಾಗ ನಮ್ಮ ದನಿ ಸ್ವಲ್ಪ ಕಠಿಣವಾದರೆ ಕ್ಷಮೆಯಿರಲಿ. ಕೇಂದ್ರ ಸರ್ಕಾರದ ವರದಿಯಂತೆ ೨೦೨೨ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು ೧,೬೮,೪೯೧ ಮಂದಿ. ಅವರಲ್ಲಿ ದ್ವಿಚಕ್ರ ವಾಹನದ ಮೇಲಿದ್ದವರು ೭೪,೮೯೭. ಅಂಥ ಮನೆಗಳಿಗೆ ನಾವು ಹೋಗಿ ಕೂತಿದ್ದೇವೆ. ಆ ಹೊತ್ತಿನಲ್ಲಿ ತಾಯಿಗೆ ಹೇಳುವ ಮಾತು ಯಾವ ಶಾಸ್ತ್ರದಲ್ಲಿಯೂ ನಮಗೆ ಸಿಕ್ಕಿಲ್ಲ. ಹಳೆಯ ಗಾಡಿಯ ಡ್ರಮ್ ಬ್ರೇಕು ಆ ಕಾಲದ ರಸ್ತೆಗೆ, ಆ ಕಾಲದ ವೇಗಕ್ಕೆ ಆದದ್ದು. ಇಂದಿನ ಹೆದ್ದಾರಿಯಲ್ಲಿ ಎದುರಿನ ಕಾರು ನಿಂತಷ್ಟು ಬೇಗ ಅದು ನಿಲ್ಲುವುದಿಲ್ಲ. ಅಂತರ ಬಿಟ್ಟು ಹೋಗಬೇಕು. ಹೆಲ್ಮೆಟ್ಟು ಹಿಂದೆ ಕೂತವರಿಗೂ ಬೇಕು. ಸೈಲೆನ್ಸರು ಕಿತ್ತು ಮಠದ ಮುಂದೆ ಗುಡುಗಿಸಿಕೊಂಡು ಹೋಗುವವರೂ ಇದ್ದಾರೆ. ಅವರು ಯಾರೆಂದು ನಮಗೆ ಗೊತ್ತು, ಹೆಸರು ಹೇಳುವುದಿಲ್ಲ. ತಯಾರಕರು ಕೊಟ್ಟ ಮೂಲ ಸ್ವರೂಪವನ್ನು ಮನಬಂದಂತೆ ಬದಲಿಸಕೂಡದೆಂದು ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ. ನೋಂದಣಿಯ ೧೫ ವರ್ಷ ತುಂಬಿದ ಗಾಡಿಯನ್ನು ತಪಾಸಣೆ ಮಾಡಿಸಿ ನವೀಕರಿಸಿಕೊಳ್ಳಬೇಕು. ಕಾಗದವಿಲ್ಲದ ಗಾಡಿಯನ್ನು ಅಗ್ಗವೆಂದು ಕೊಳ್ಳಬೇಡಿ.

ಮಠದ ಕಟ್ಟಿಗೆಮನೆಯಲ್ಲಿ ಹಿಂದಿನ ಪಾರುಪತ್ಯಗಾರರು ಓಡಿಸುತ್ತಿದ್ದ ಯೆಜ್ಡಿಯೊಂದು ಗೋಣಿತಾಟಿನ ಕೆಳಗೆ ನಿಂತಿದೆ. ಕಾಗದಪತ್ರಗಳು ಕಚೇರಿಯ ಬೀರುವಿನಲ್ಲಿವೆ. ಕೈ ಹಾಕಬೇಕೆನ್ನುವ ಹುಡುಗರು, ಹುಡುಗಿಯರೂ ಸಹ, ಬರುವ ಭಾನುವಾರ ಪ್ರಸಾದವಾದ ಮೇಲೆ ಬರಬಹುದು. ಸ್ಪ್ಯಾನರು ನಿಮ್ಮವು, ಸಾಮಾನಿನ ಖರ್ಚು ಮಠದ್ದು. ಮೊದಲು ಬ್ರೇಕು ಆಗಲಿ, ಬಣ್ಣದ ಮಾತು ಆಮೇಲೆ.